ಕುಂಭದ ಮೇಲಣ ರಥ, ಬಂಡೆಯ ಮೇಲಣ ಕುದುರೆ

ಗಂಗಾವತಿಯ ಕಡೆಯ ಹಿರೇಬೆಣಕಲ್ಲಿನ ಗುಡ್ಡವನ್ನು ಮಳೆಗಾಲ ಕಳೆದ ಮೇಲೆ ಹತ್ತಿದವನಿಗೆ, ಕಾಲುದಾರಿಯ ಕೊರಕಲಿನಲ್ಲಿ ನೀರು ಮಣ್ಣನ್ನು ತೊಳೆದೊಯ್ದೆಡೆಯಲ್ಲಿ, ಅಂಗೈಯಗಲದ ಒಂದು ಬೋಕಿಯ ಚೂರು ಕಣ್ಣಿಗೆ ಬಿದ್ದರೆ ಅದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ. ಆಶ್ಚರ್ಯವಿರುವುದು ಆ ಚೂರಿನ ಬಣ್ಣದಲ್ಲಿ. ಒಳಮೈ ಇದ್ದಲಿನಂತೆ ಕಪ್ಪು, ಹೊರಮೈ ಕಾವಿಯಂತೆ ಕೆಂಪು. ಬಾಯಂಚಿನ ಬಳಿ ಒಳಗಿನ ಕಪ್ಪು ಹೊರಕ್ಕೂ ಎರಡು ಬೆರಳಗಲ ಚಾಚಿಕೊಂಡು, ಸಂಜೆಯ ಬಾನಿನಲ್ಲಿ ಇರುಳೂ ಹಗಲೂ ಕೂಡುವಂತೆ, ಇಲ್ಲಿ ಮುಗಿಯಿತು ಅಲ್ಲಿ ತೊಡಗಿತು ಎಂದು ಹೇಳಲಾಗದ ಹಾಗೆ ಕೆಂಪಿನೊಳಗೆ ಕರಗಿರುತ್ತದೆ. ಈ ಎರಡು ಬಣ್ಣಗಳನ್ನು ಕುಂಚದಿಂದ ಬಳಿದವರಾರೂ ಇಲ್ಲ. ಬಳಿದದ್ದು ಬೆಂಕಿ.

ಕುಂಬಾರನ ಜೇಡಿಮಣ್ಣಿನಲ್ಲಿ ಕಬ್ಬಿಣದ ಅಂಶವುಂಟು. ಆವಿಗೆಯೊಳಗೆ ಗಾಳಿ ಧಾರಾಳವಾಗಿ ಆಡುತ್ತಿದ್ದರೆ ಆ ಕಬ್ಬಿಣ ಆಮ್ಲಜನಕವನ್ನು ಹೀರಿ ಕೆಂಪಾಗುತ್ತದೆ. ಗಾಳಿಯ ದಾರಿ ಕಟ್ಟಿ ಹೊಗೆ ಒಳಗೇ ಸುತ್ತುತ್ತಿದ್ದರೆ, ಇದ್ದ ಆಮ್ಲಜನಕವನ್ನೂ ಕಳೆದುಕೊಂಡು, ಮೇಲೆ ಇದ್ದಲಿನ ಕಣಗಳನ್ನೂ ಹೊತ್ತು ಕಪ್ಪಾಗುತ್ತದೆ. ಮಡಕೆಗಳನ್ನು ಬೋರಲಾಗಿ ಕವುಚಿ, ಹೊಟ್ಟು ಎಲೆಗಳ ನಡುವೆ ಬಾಯನ್ನು ಹೂತು ಸುಟ್ಟದ್ದರಿಂದ ಒಳಮೈಗೂ ಕಂಠಕ್ಕೂ ಗಾಳಿ ತಗಲದೆ ಅವು ಕಪ್ಪಾದವು, ತೆರೆದಿದ್ದ ಹೊರಮೈ ಕೆಂಪಾಯಿತು ಎಂಬುದು ಪುರಾತತ್ತ್ವಜ್ಞರು ಸಾಮಾನ್ಯವಾಗಿ ಕೊಡುವ ವಿವರಣೆ. ದಕ್ಷಿಣಾಪಥದ ಬೃಹತ್ ಶಿಲಾಸಮಾಧಿಗಳ ಕಾಲದ ಜನ ಕಬ್ಬಿಣವನ್ನು ಕರಗಿಸಿ ಕತ್ತಿ, ಭರ್ಜಿ, ಬಾಣದ ಮೊನೆಗಳನ್ನು ಮಾಡಬಲ್ಲವರಾಗಿದ್ದರು. ಅದೇ ಕಬ್ಬಿಣವೇ ತಮ್ಮ ಗಡಿಗೆಯ ಮೈಯಲ್ಲಿ ಎರಡು ಬಣ್ಣವಾಗಿ ಮೂಡುತ್ತಿದೆಯೆಂಬುದು ಅವರಿಗೆ ತಿಳಿದಿರಲಾರದು.

ಈ ಚೂರನ್ನು ಕೈಯಲ್ಲಿ ಹಿಡಿದಾಗ ನನ್ನ ಮನಸ್ಸು ಹಾರಿದ್ದು ಸಾವಿರಾರು ಹರದಾರಿ ದೂರದ ಗ್ರೀಸಿಗೆ. ಹಾರಲು ಕಾರಣವೂ ಉಂಟು. ಹಿರೇಬೆಣಕಲ್ಲಿನಲ್ಲಿ ಕಲ್ಲಿನ ಸಮಾಧಿಮನೆಗಳು ಎದ್ದ ಕಾಲವನ್ನು ವಿದ್ವಾಂಸರು ಸುಮಾರಾಗಿ ಕ್ರಿಸ್ತಪೂರ್ವ 800ರಿಂದ 200ರವರೆಗೆ ಎಂದು ಗಣಿಸುತ್ತಾರೆ. ಅದೇ ಶತಮಾನಗಳಲ್ಲಿಯೇ ಅಥೆನ್ಸಿನ ಕುಂಬಾರರು ಅದೇ ಕಬ್ಬಿಣದ ಮಣ್ಣನ್ನು ಅದೇ ಬೆಂಕಿಗೆ ಒಡ್ಡಿ, ಅದೇ ಎರಡು ಬಣ್ಣಗಳನ್ನು ಪಡೆದರು. ಭೇದವಿಷ್ಟೇ: ನಮ್ಮವನು ಬಣ್ಣಗಳನ್ನು ಬೆಂಕಿಯ ಇಚ್ಛೆಗೆ ಬಿಟ್ಟುಕೊಟ್ಟನು; ಅವನು ಆ ಬಣ್ಣಗಳಿಂದ ಚಿತ್ರ ಬರೆಸಿಕೊಂಡನು. ಮಣ್ಣನ್ನು ನೀರಿನಲ್ಲಿ ಕದಡಿ, ತಳಕ್ಕಿಳಿಯದೆ ಉಳಿದ ಅತಿ ನುಣ್ಣನೆಯ ಕೆನೆಯನ್ನು ತೆಗೆದು, ಅದರಿಂದ ಹಸಿಯ ಕುಂಭದ ಮೇಲೆ ಆಕೃತಿಗಳನ್ನು ಬರೆಯುವುದು. ಬಳಿಕ ಒಂದೇ ಆವಿಗೆಯಲ್ಲಿ ಮೂರು ಅವಸ್ಥೆಗಳಲ್ಲಿ ಸುಡುವುದು. ಮೊದಲು ಗಾಳಿಯಾಡಿಸಿದಾಗ ಕುಂಭವೆಲ್ಲ ಕೆಂಪು. ಆಮೇಲೆ ಗಾಳಿಯ ಕಿಂಡಿಯನ್ನು ಮುಚ್ಚಿ ಹಸಿ ಸೌದೆ ಒಡ್ಡಿ ಕಾವೇರಿಸಿದಾಗ ಎಲ್ಲವೂ ಕಪ್ಪು. ಈ ಹೊತ್ತಿನಲ್ಲಿಯೇ ನುಣುಪಾದ ಕೆನೆ ಬಳಿದ ಭಾಗವು ಗಾಜಿನಂತೆ ಬಿಗಿದುಕೊಳ್ಳುತ್ತದೆ. ಕಡೆಗೆ ಮತ್ತೆ ಗಾಳಿ ಬಿಟ್ಟಾಗ ಬರಿಯ ಮೈ ಅದನ್ನು ಹೀರಿ ಪುನಃ ಕೆಂಪಾಗುತ್ತದೆ. ಬಿಗಿದುಕೊಂಡ ಚಿತ್ರಭಾಗಕ್ಕೆ ಗಾಳಿ ಹೊಗಲಾರದೆ ಅದು ಕಪ್ಪಾಗಿಯೇ ಉಳಿಯುತ್ತದೆ. ಆವಿಗೆಯ ಮುಂದೆ ಕುಳಿತು ಜ್ವಾಲೆಯ ಬಣ್ಣವನ್ನಷ್ಟೇ ನೋಡಿ ಕಿಂಡಿಯನ್ನು ತೆರೆಯುವ ಮುಚ್ಚುವ ಗಳಿಗೆಯನ್ನು ಗೊತ್ತುಮಾಡುತ್ತಿದ್ದ ಆ ಕೈಗಳನ್ನು ನೆನೆದರೆ, ನಮ್ಮ ಕಡೆಯ ಕುಂಬಾರರು ಆವಿಗೆಗೆ ಪೂಜೆ ಸಲ್ಲಿಸದೆ ಬೆಂಕಿಯಿಡದಿರುವುದರ ಮರ್ಮ ಸ್ವಲ್ಪ ತಿಳಿಯುತ್ತದೆ.

ಅಥೆನ್ಸಿನಲ್ಲಿ ಕುಂಬಾರರು ವಾಸವಾಗಿದ್ದ ಭಾಗಕ್ಕೆ ಕೆರಮೈಕೋಸ್ ಎಂದು ಹೆಸರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಕುಂಬಾರಗೇರಿ. ಆ ಕುಂಬಾರಗೇರಿಯೇ ನಗರದ ಸ್ಮಶಾನವೂ ಆಗಿತ್ತು. ಅಲ್ಲಿ ದಿಪಿಲಾನ್ ಎಂಬ ಹೆಬ್ಬಾಗಿಲಿನ ಸಮೀಪದಲ್ಲಿ ಕ್ರಿಸ್ತಪೂರ್ವ 8ನೆಯ ಶತಮಾನದ ಸಿರಿವಂತರ ಸಮಾಧಿಗಳ ಮೇಲೆ ಕಲ್ಲಿನ ಬದಲಾಗಿ ಆಳೆದೆಯುದ್ದದ ಮಣ್ಣಿನ ಕುಂಭಗಳನ್ನು ಗುರುತಿಗಾಗಿ ನಿಲ್ಲಿಸುತ್ತಿದ್ದರು. ಗಂಡಸಿನ ಸಮಾಧಿಗೆ ದ್ರಾಕ್ಷಾರಸ ಬೆರೆಸುವ ಅಗಲಬಾಯಿಯ ಪಾತ್ರೆ, ಹೆಂಗಸಿನದಕ್ಕೆ ಎರಡು ಹಿಡಿಕೆಯ ಕೊಡ. ಕೆಲವು ಪಾತ್ರೆಗಳ ತಳದಲ್ಲಿ ತೂತು ಕೊರೆದಿರುವುದುಂಟು. ಮೇಲಿನಿಂದ ಎರೆದ ತರ್ಪಣ ನೆಲದೊಳಗೆ ಮಲಗಿದವನಿಗೆ ಮುಟ್ಟಲೆಂಬುದು ಅದರ ಉದ್ದೇಶವೆಂದು ಊಹಿಸುತ್ತಾರೆ. ಈ ತೂತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಇಂಥದೊಂದು ಪಾತ್ರೆಯುಂಟು. ಸುಮಾರು 108 ಸೆಂಟಿಮೀಟರು ಎತ್ತರ, ಕ್ರಿಸ್ತಪೂರ್ವ 750ರ ಸುಮಾರಿನದು. ಮೇಲಣ ಪಟ್ಟಿಕೆಯಲ್ಲಿ ಚಟ್ಟದ ಮೇಲೆ ಮಲಗಿಸಿದ ಶವ, ಇಕ್ಕೆಲಗಳಲ್ಲಿ ತಲೆಯ ಮೇಲೆ ಕೈಯಿಟ್ಟು ಗೋಳಿಡುವ ಜನ. ಕೆಳಗಣ ಪಟ್ಟಿಕೆಯಲ್ಲಿ ರಥಗಳ ಸಾಲು ಮತ್ತು ಗುರಾಣಿಯಿಂದ ಮೈ ಮುಚ್ಚಿಕೊಂಡ ಯೋಧರು. ಆ ಗುರಾಣಿ ನಡುವಿನಲ್ಲಿ ಎರಡೂ ಕಡೆ ಕಚ್ಚಿ ತೆಗೆದಂತಿದ್ದು ನೋಡಲು ನಮ್ಮ ಡಮರುಗದ ಹಾಗಿದೆ. ಮನುಷ್ಯನೆಂದರೆ ಒಂದು ತ್ರಿಕೋಣದ ಎದೆ, ಎಳೆಯಂಥ ಸೊಂಟ, ಬಲಿತ ತೊಡೆ, ಬಿಂದುವಿನಂಥ ತಲೆ. ರಥವನ್ನು ಬರೆದ ಬಗೆಯಂತೂ ಮಕ್ಕಳ ಮನಸ್ಸಿಗೆ ಹತ್ತಿರವಾದುದು. ಪಕ್ಕದಿಂದ ನೋಡಿದಾಗ ರಥದ ಎರಡು ಗಾಲಿಗಳಲ್ಲಿ ಒಂದೇ ಕಾಣಬೇಕಷ್ಟೆ; ಈ ಚಿತ್ರಕಾರನು ಎರಡನ್ನೂ ಒಂದರ ಪಕ್ಕದಲ್ಲೊಂದಿಟ್ಟು ತೋರಿಸುತ್ತಾನೆ. ಕುದುರೆಗಳ ಮೈಗಳು ಒಂದರ ಹಿಂದೊಂದು ಅಡಗಿದರೂ ಕಾಲುಗಳನ್ನು ಮಾತ್ರ ಅವನು ಬಿಟ್ಟುಕೊಡಲೊಲ್ಲ, ಒಂದೊಂದನ್ನೂ ಎಣಿಸಿ ಬರೆಯುತ್ತಾನೆ. ಕಣ್ಣಿಗೆ ಕಂಡದ್ದಕ್ಕಿಂತ ತಾನು ಬಲ್ಲದ್ದನ್ನು ಬರೆಯುವುದೇ ಅವನಿಗೆ ಸತ್ಯ. ಇದನ್ನು ಬಾಲಿಶತೆಯೆಂದು ನಕ್ಕುಬಿಡುವವರೊಡನೆ ನನಗೆ ಸಹಮತವಿಲ್ಲ. ಸತ್ತವನ ಮನೆಯವರು ಬೆಲೆ ತೆತ್ತದ್ದು ಎರಡು ಗಾಲಿಯ ರಥಕ್ಕೆ, ಒಂದು ಗಾಲಿಯದಕ್ಕಲ್ಲ.

ಈ ರಥಗಳ ವಿಚಾರದಲ್ಲಿ ಒಂದು ವಿಚಿತ್ರ ಸಂಗತಿಯುಂಟು. ದಿಪಿಲಾನಿನ ಕುಂಭಗಳು ಹುಟ್ಟಿದ ಕಾಲಕ್ಕೆ ಗ್ರೀಸಿನಲ್ಲಿ ಯಾರೂ ರಥವೇರಿ ಕಾಳಗ ಮಾಡುತ್ತಿರಲಿಲ್ಲವೆಂದೇ ಹೇಳಬೇಕು. ಅದಕ್ಕೆ ನಾಲ್ಕೈದು ನೂರು ವರ್ಷಗಳ ಹಿಂದೆ, ಮೈಸೀನೆಯ ಅರಸರ ಕಾಲದಲ್ಲಿ, ಯುದ್ಧರಥಗಳಿದ್ದವು. ಆ ಕಾಲದ ರಥಚಿತ್ರದ ಪಾತ್ರೆಗಳು ಸೈಪ್ರಸ್ ದ್ವೀಪದವರೆಗೂ ಮಾರಾಟಕ್ಕೆ ಹೋಗುತ್ತಿದ್ದವು. ಮೈಸೀನೆಯ ಅರಮನೆಗಳು ಕ್ರಿಸ್ತಪೂರ್ವ 1200ರ ಈಚೆಗೆ ಹಾಳಾದವು. ರಥ ರಣಾಂಗಣದಿಂದ ಮರೆಯಾಯಿತು. ಗಾಯಕರ ನಾಲಗೆಯ ಮೇಲೆ ಮಾತ್ರ ಉಳಿಯಿತು. ಹೋಮರನ ಕಾವ್ಯದಲ್ಲಿ ವೀರರು ರಥವೇರಿ ಯುದ್ಧಭೂಮಿಗೆ ಬಂದು, ಅಲ್ಲಿ ಕೆಳಗಿಳಿದು ಕಾಲ್ನಡೆಯಲ್ಲಿ ಹೊಡೆದಾಡುತ್ತಾರೆ. ಸಾರಥಿ ಹತ್ತಿರದಲ್ಲಿಯೇ ಕುದುರೆಗಳನ್ನು ಹಿಡಿದು ಕಾದಿರುತ್ತಾನೆ. ರಥದಿಂದ ಕಾದುವ ಬಗೆ ಮರೆತುಹೋದ ಕಾಲದ ಕವಿಯ ಕಲ್ಪನೆಯಿದು ಎಂದು ಹಲವರು ಬಗೆಯುತ್ತಾರೆ. ಗದುಗಿನ ಕುಮಾರವ್ಯಾಸನ ಕಾಲದಲ್ಲಿಯೂ ಕರ್ಣಾಟದ ಸೈನ್ಯದಲ್ಲಿ ರಥಗಳಿರಲಿಲ್ಲ; ಆದರೂ ಕರ್ಣನ ರಥದ ಗಾಲಿ ನೆಲದಲ್ಲಿ ಹೂತುಹೋಗುವ ಪ್ರಸಂಗದಲ್ಲಿ ಗಮಕಿಯ ಕಂಠ ಗದ್ಗದವಾಗುತ್ತದೆ, ಕೇಳುವವರ ಕಣ್ಣು ಹನಿಗೂಡುತ್ತದೆ. ರಥ ಯುದ್ಧದಿಂದ ನಿವೃತ್ತವಾದ ಮೇಲೆಯೇ ಕಲೆಯಲ್ಲಿ ಅದರ ನಿಜವಾದ ಓಟ ತೊಡಗುವಂತೆ ತೋರುತ್ತದೆ.

ಮುಂದಿನ ಎರಡು ಶತಮಾನಗಳಲ್ಲಿ ಗ್ರೀಕ್ ಚಿತ್ರಕಾರನ ಕೈ ಪಳಗಿತು. ಕಪ್ಪು ಆಕೃತಿಯೊಳಗೆ ಸೂಜಿಯಂಥ ಉಪಕರಣದಿಂದ ಗೀರಿ ಕುದುರೆಯ ಕೇಸರವನ್ನೂ ಯೋಧನ ಕವಚದ ಅಂಚನ್ನೂ ಬಿಡಿಸಿದನು. ಸಾರಥಿಗೆ ಉದ್ದನೆಯ ಬಿಳಿಯ ನಿಲುವಂಗಿಯನ್ನು ತೊಡಿಸಿದನು. ಬೋಸ್ಟನ್ನಿನಲ್ಲಿರುವ, ಕ್ರಿಸ್ತಪೂರ್ವ 520ರಿಂದ 510ರ ನಡುವಣದೆಂದು ಎಣಿಸಲಾದ ಒಂದು ನೀರಿನ ಕೊಡದ ಮೇಲೆ ಹೋಮರನ ವೀರ ಅಕಿಲೀಸನು ರಥವನ್ನೇರುತ್ತಿದ್ದಾನೆ. ರಥದ ಹಿಂದೆ ಅವನ ಶತ್ರು ಹೆಕ್ಟರನ ಶವ ಕಟ್ಟಲ್ಪಟ್ಟಿದೆ. ಒಂದು ಪಕ್ಕದಲ್ಲಿ ಮುದಿ ತಂದೆತಾಯಿಗಳು ಮಗನನ್ನು ಎಳೆದೊಯ್ಯುವುದನ್ನು ನೋಡುತ್ತ ನಿಂತಿದ್ದಾರೆ. ಇನ್ನೊಂದು ಪಕ್ಕದಲ್ಲಿ ಅಕಿಲೀಸನ ಗೆಳೆಯ ಪೆಟ್ರೋಕ್ಲಸನ ಬಿಳಿಯ ಸಮಾಧಿದಿಬ್ಬ, ಅದರ ಮೇಲೆ ರೆಕ್ಕೆಯುಳ್ಳ ಅಂಗುಷ್ಠಮಾತ್ರದ ಒಬ್ಬ ಯೋಧ, ಅಂದರೆ ಸತ್ತವನ ಆತ್ಮ. ಅಂಗುಷ್ಠಮಾತ್ರ ಎಂಬ ಮಾತು ನನ್ನದು. ಆದರೆ ಕಠೋಪನಿಷತ್ತನ್ನು ಬಲ್ಲ ನಮ್ಮವನೊಬ್ಬನು ಆ ಚಿತ್ರದ ಮುಂದೆ ನಿಂತರೆ ಬೇರೆ ಮಾತು ಅವನ ಬಾಯಿಗೆ ಬಾರದು. ಇಲ್ಲಿಯೂ ರಥವಿರುವುದು ಒಬ್ಬ ಸತ್ತವನಿಗೂ ಇನ್ನೊಬ್ಬ ಸತ್ತವನಿಗೂ ನಡುವೆ.

ಇನ್ನು ನಮ್ಮ ಗುಡ್ಡಕ್ಕೆ ಮರಳೋಣ. ಊರವರು ಇದನ್ನು ಮೊರೇರ ಗುಡ್ಡವೆನ್ನುತ್ತಾರೆ. ಮೇಲಿರುವ ಕಲ್ಲುಚಪ್ಪಡಿಯ ಕೋಣೆಗಳನ್ನು ಮೊರೇರ ಮನೆಗಳೆನ್ನುತ್ತಾರೆ. ಮೊರೇರು ಕುಳ್ಳ ಜನರಂತೆ, ಒಂದು ಕಾಲದಲ್ಲಿ ಇಲ್ಲೆಲ್ಲ ತುಂಬಿದ್ದರಂತೆ. ಮೊರೇರು ಎಂಬ ಹೆಸರನ್ನು ಮೌರ್ಯರೊಡನೆ ಹೊಂದಿಸಿದವರೂ ಉಂಟು. ಕೊಪ್ಪಳದ ಗವಿಮಠದಲ್ಲಿಯೂ ಪಲ್ಕಿಗುಂಡಿನಲ್ಲಿಯೂ ಅಶೋಕನ ಶಾಸನಗಳು 1931ರಲ್ಲಿ ಬೆಳಕಿಗೆ ಬಂದದ್ದರಿಂದ ಆ ಊಹೆಗೆ ರೆಕ್ಕೆ ಬಂದಿರಬೇಕು. ಯುದ್ಧಕ್ಕೆ ಬೆನ್ನು ತಿರುಗಿಸಿದ ಆ ಚಕ್ರವರ್ತಿಯ ಮಾತುಗಳು ರಥದಂಥ ಬಂಡೆಯನ್ನು ಬಿಟ್ಟು ಪಲ್ಲಕ್ಕಿಯಂಥ ಬಂಡೆಯನ್ನೇ ಆಶ್ರಯಿಸಿದುವಲ್ಲಾ ಎಂದು ಒಮ್ಮೊಮ್ಮೆ ನಗು ಬರುತ್ತದೆ.

ಮೊರೇರ ಮನೆಗಳ ವಿಷಯವನ್ನು ಹೊರಜಗತ್ತಿಗೆ ಮೊದಲು ತಿಳಿಸಿದವರಲ್ಲಿ 19ನೆಯ ಶತಮಾನದ ಫಿಲಿಪ್ ಮೆಡೋಸ್ ಟೇಲರ್ ಪ್ರಮುಖನು. ಅವುಗಳ ರಚನೆಯನ್ನು ಶಾಸ್ತ್ರೀಯವಾಗಿ ಅಭ್ಯಸಿಸಿದವರಲ್ಲಿ ಧಾರವಾಡದ ಡಾ. ಅ. ಸುಂದರ ಅವರ ಹೆಸರು ಎದ್ದು ಕಾಣುತ್ತದೆ. ಗುಡ್ಡದ ನೆತ್ತಿಯ ಮೇಲೆ ನಾನೂರಕ್ಕೂ ಮಿಕ್ಕ ರಚನೆಗಳಿವೆ: ಕೆಲವು ಮಂಡಿಯೆತ್ತರದವು, ಕೆಲವು ಆಳೆತ್ತರವನ್ನು ಮೀರಿದವು. ನಾಲ್ಕು ಚಪ್ಪಡಿಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಿ, ಮೇಲೊಂದು ಚಪ್ಪಡಿಯನ್ನು ಹೊದಿಸಿ, ಹಲವುಗಳ ಎದುರುಗಲ್ಲಿನಲ್ಲಿ ದುಂಡನೆಯ ಒಂದು ಕಿಂಡಿಯನ್ನು ಕೊರೆದಿದ್ದಾರೆ. ಒಬ್ಬ ಮನುಷ್ಯ ಸಲೀಸಾಗಿ ನುಗ್ಗಲಾರ. ಆದರೆ ಏನೋ ಒಂದು ಬಂದು ಹೋಗಲಿ ಎಂಬಂತೆ ಅದು ತೆರೆದುಕೊಂಡಿದೆ. ಅಥೆನ್ಸಿನ ಕುಂಭದ ತಳದ ತೂತನ್ನು ಓದುಗರು ಈಗ ನೆನೆಯಬಹುದು. ಸತ್ತವರಿಗೂ ಇದ್ದವರಿಗೂ ನಡುವೆ ಪೂರಾ ಗೋಡೆಯೆಬ್ಬಿಸಲು ಎರಡೂ ಕಡೆಯ ಜನರಿಗೆ ಮನಸ್ಸು ಬರಲಿಲ್ಲ. ಸಮೀಪದಲ್ಲಿ ಬಂಡೆಯ ಮೇಲೊಂದು ಅರ್ಧಗೋಳದಂಥ ಹೆಗ್ಗಲ್ಲಿದೆ, ಹೊಡೆದರೆ ನಗಾರಿಯಂತೆ ದೂರದವರೆಗೆ ಮೊಳಗುತ್ತದೆ. ಈ ಕ್ಷೇತ್ರ 2021ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಯನ್ನು ಸೇರಿದುದನ್ನು ಪತ್ರಿಕೆಗಳಲ್ಲಿ ಅನೇಕರು ಓದಿರಬಹುದು.

ಈ ಮನೆಗಳಿಗೆ ಹೋಗುವ ದಾರಿಯಲ್ಲಿ, ಬಂಡೆಗಳು ಒಂದರ ಮೇಲೊಂದು ಒರಗಿ ಮಾಡಿನಂತೆ ಚಾಚಿರುವ ತಾಣಗಳಲ್ಲಿ, ಕಾವಿಕೆಂಪಿನ ಚಿತ್ರಗಳಿವೆ. ಕೈ ಕೈ ಹಿಡಿದು ಕುಣಿಯುವವರ ಸಾಲು, ಜಿಂಕೆ, ಇಣಿಯುಳ್ಳ ಗೂಳಿ, ನವಿಲು. ಇವುಗಳ ನಡುವೆ ಆಯುಧ ಹಿಡಿದವರು ಮತ್ತು ಕುದುರೆಯೇರಿದವರು. ದನಗಳ ಚಿತ್ರಗಳಲ್ಲಿ ಕೆಲವು ಶಿಲಾಯುಗದ ಕೊನೆಯ ಕಾಲದವಿರಬಹುದೆಂದೂ, ಆಯುಧಪಾಣಿಗಳಾದ ಕುದುರೆಸವಾರರು ಕಬ್ಬಿಣದ ಕಾಲದವರೆಂದೂ ವಿದ್ವಾಂಸರ ಮತ. ಸವಾರನ ಮೈ ಒಂದೇ ಗೀಟು. ಕಾಲುಗಳು ಕುದುರೆಯ ಹೊಟ್ಟೆಯೊಳಗೆ ಬೆರೆತುಹೋಗಿವೆ. ಎತ್ತಿದ ಕೈಯಲ್ಲಿ ಭರ್ಜಿ. ದಿಪಿಲಾನಿನ ಚಿತ್ರಕಾರ ಕಾಲುಗಳನ್ನು ಎಣಿಸಿದನಷ್ಟೆ. ನಮ್ಮವನು ಎಣಿಕೆಯ ಗೋಜಿಗೆ ಹೋಗದೆ ಓಟವನ್ನಷ್ಟೇ ಹಿಡಿದಿದ್ದಾನೆ. ಚಿತ್ರವಾಗಿ ಯಾವುದು ಮೇಲು ಎಂದು ಕೇಳಿದರೆ, ಪಕ್ಷಪಾತವೆಂದು ಯಾರಾದರೂ ಆಡಿಕೊಂಡರೂ ಸರಿಯೇ, ಬಂಡೆಯ ಕುದುರೆಯ ಕಡೆಗೇ ನನ್ನ ಮತ.

ಇಲ್ಲಿನ ವೀರ ಕುದುರೆಯನ್ನೇರಿದ್ದಾನೆ, ರಥವನ್ನೇರಲಿಲ್ಲವೇಕೆ? ಉತ್ತರವನ್ನು ಪುಸ್ತಕದಲ್ಲಿ ಹುಡುಕುವುದಕ್ಕಿಂತ ಗುಡ್ಡದ ಮೇಲೆ ನಿಂತು ಸುತ್ತ ನೋಡುವುದು ಲೇಸು. ಈಗ ತುಂಗಭದ್ರೆಯ ಎಡದಂಡೆಯ ಕಾಲುವೆ ಹರಿದು ಗಂಗಾವತಿಯ ಬಯಲು ಕಣ್ಣು ಹರಿಯುವವರೆಗೆ ಭತ್ತದ ಹಸುರು. ಆದರೆ ಆ ಹಸುರಿನ ನಡುವೆಯೂ ಬಂಡೆಗಳು ತಲೆಯೆತ್ತಿವೆ. ಆನೆಗೊಂದಿಯ ಕಡೆಗಂತೂ ನೆಲವೆಂಬುದು ಗುಂಡುಗಳ ನಡುವೆ ಮಿಕ್ಕ ಸಂದು. ಇಲ್ಲಿ ರಥ ಹೂಡಿದವನಿಗೆ ಶತ್ರುವಿನ ಬಾಣಕ್ಕಿಂತ ಮೊದಲು ಅಚ್ಚು ಮುರಿಯುವ ಭಯ. ಚಿತ್ರಕಾರನು ಕಂಡದ್ದನ್ನೇ ಬರೆದನೆಂದು ನನ್ನ ಅನಿಸಿಕೆ. ಗ್ರೀಕನಂತೆ ಕೇಳಿದ್ದನ್ನು ಬರೆಯುವ ಹಂಬಲ ಅವನಿಗೆ ಇನ್ನೂ ಬಂದಿರಲಿಲ್ಲ.

ಆ ಹಂಬಲ ಬಂದದ್ದು ಬಹುಕಾಲದ ಮೇಲೆ. ಕುಷ್ಟಗಿ, ಯಲಬುರ್ಗಾ ಸೀಮೆಯ ಹಳ್ಳಿಗಳಲ್ಲಿ ಅಗಸೆಬಾಗಿಲ ಬಳಿಯೋ ಹನುಮಪ್ಪನ ಗುಡಿಯ ಕಟ್ಟೆಯ ಮೇಲೋ ಎಣ್ಣೆ ಹಚ್ಚಿಸಿಕೊಂಡು ನಿಂತಿರುವ ವೀರಗಲ್ಲುಗಳನ್ನು ನೋಡಿ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಅಡಿಯ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಮೇಲಕ್ಕೊಯ್ಯುವುದು, ಮೇಲೆ ಶಿವಲಿಂಗದ ಸನ್ನಿಧಿ. ಕೆಲವದರಲ್ಲಿ ಅಪ್ಸರೆಯರು ತೋಳುಗಳಲ್ಲಿಯೇ ಎತ್ತಿಕೊಂಡಿರುತ್ತಾರೆ, ಕೆಲವದರಲ್ಲಿ ವಿಮಾನವಿರುತ್ತದೆ. ಬದುಕಿದ್ದಾಗ ಕಾಲ್ನಡೆಯಲ್ಲಿ ತುರುಗಳನ್ನು ಕಾಯುತ್ತ ಮಡಿದವನಿಗೆ ಸತ್ತ ಮೇಲೆ ದೊರೆತ ವಾಹನ ಅದು. ಪಟ್ಟಿಕೆಗಳಾಗಿ ಭಾಗಿಸಿ ಸಾವಿನ ಕಥೆ ಹೇಳುವ ಆ ವಿಧಾನವನ್ನು ಕಂಡರೆ ಅಥೆನ್ಸಿನ ಕುಂಭದ ಬಂಧುವೇ ಕಣ್ಣಮುಂದೆ ನಿಂತಂತಾಗುತ್ತದೆ, ಒಬ್ಬರನ್ನೊಬ್ಬರು ಕಂಡು ಕಲಿತದ್ದೆಂದು ನಾನು ಹೇಳುತ್ತಿಲ್ಲವಾದರೂ. ಇದೇ ಸೀಮೆಯ ಇಟಗಿಯಲ್ಲಿ 1112ರಲ್ಲಿ ಮಹಾದೇವಾಲಯವನ್ನು ಕಟ್ಟಿಸಿದ ಮಹಾದೇವನು ಆರನೆಯ ವಿಕ್ರಮಾದಿತ್ಯನ ದಂಡನಾಯಕ. ಆ ಯೋಧನು ತನ್ನ ಕುದುರೆಯನ್ನಾಗಲಿ ಕತ್ತಿಯನ್ನಾಗಲಿ ಸ್ಮಾರಕವಾಗಿ ಉಳಿಸದೆ ಶಾಸನವೇ ದೇವಾಲಯ ಚಕ್ರವರ್ತಿಯೆಂದು ಕೊಂಡಾಡಿದ ಗುಡಿಯನ್ನುಳಿಸಿದನು. ಗಂಗಾವತಿಯ ಕಡೆಯ ಕುಮ್ಮಟದುರ್ಗದಲ್ಲಿ 14ನೆಯ ಶತಮಾನದಲ್ಲಿ ದಿಲ್ಲಿಯ ಸೈನ್ಯದೊಡನೆ ಹೋರಾಡಿ ಮಡಿದ ಕುಮಾರರಾಮನ ಕಥೆಯಲ್ಲಿಯೋ, ಅವನ ಕುದುರೆ ಬೊಲ್ಲನಿಗೆ ರಾಜಕುಮಾರನಷ್ಟೇ ಹೆಸರು.

ರಥದ ಚಿತ್ರವನ್ನೇ ನೋಡಬೇಕೆಂದವರು ಹೊಳೆ ದಾಟಿ ಹಂಪೆಗೆ ಹೋಗಬೇಕು. ವಿರೂಪಾಕ್ಷನ ಗುಡಿಯ ರಂಗಮಂಟಪವನ್ನು ಕಟ್ಟಿಸಿದವನು ಕೃಷ್ಣದೇವರಾಯ, 1510ರಲ್ಲಿ. ಅದರ ಒಳಛಾವಣಿಯ ತುಂಬ ಚಿತ್ರಗಳು. ವಿದ್ಯಾರಣ್ಯರ ಪಲ್ಲಕ್ಕಿಯ ಮೆರವಣಿಗೆ, ಮೀನಿಗೆ ಗುರಿಯಿಟ್ಟ ಅರ್ಜುನ, ಮತ್ತು ತ್ರಿಪುರಸಂಹಾರ. ಭೂಮಿಯೇ ರಥ, ಸೂರ್ಯಚಂದ್ರರೇ ಗಾಲಿಗಳು, ಬ್ರಹ್ಮನೇ ಸಾರಥಿ, ಶಿವನೇ ರಥಿಕ. ಇಲ್ಲಿಯೂ ಗಮನಿಸಿರಿ: ಕುದುರೆ ಮತ್ತು ಆನೆಗಳ ಬಲದಿಂದ ನಿಂತ ಸಾಮ್ರಾಜ್ಯದ ರಾಜಧಾನಿಯಲ್ಲಿ ಯೋಧನಿಗೆ ಬೇಡವಾದ ರಥವನ್ನು ದೇವರಿಗೆ ಒಪ್ಪಿಸಲಾಗಿದೆ. ವಿಠ್ಠಲನ ಗುಡಿಯಂಗಳದ ಕಲ್ಲಿನ ತೇರು ಕೂಡ ವಾಸ್ತವವಾಗಿ ಗರುಡನ ಗುಡಿ. ಈಗ ಅದರ ಮುಂದಿರುವ ಆನೆಗಳು ಬೇರೆಡೆಯಿಂದ ತಂದಿರಿಸಿದವು. ಮೊದಲಿದ್ದ ಕುದುರೆಗಳ ಹಿಂಗಾಲು ಬಾಲಗಳ ಗುರುತು ಆನೆಗಳ ಬೆನ್ನಹಿಂದೆ ಇನ್ನೂ ಕಾಣುತ್ತದೆ.

ತೇರಿಗೆ ಕುದುರೆ ಬೇಕೆಂದರೆ ಕೊಪ್ಪಳದ ಹತ್ತಿರದ ಕಿನ್ನಾಳವುಂಟು. ಅಲ್ಲಿಯ ಚಿತ್ರಗಾರರು ಹಗುರಾದ ಮರವನ್ನು ಕೆತ್ತಿ, ಸಂದುಗಳನ್ನು ಹುಣಿಸೆಬೀಜದ ಸರಿಯಿಂದ ಮಾಡಿದ ಕಿಟ್ಟದಿಂದ ತುಂಬಿ, ಸುಣ್ಣದಂಥ ಬಿಳುಪಿನ ಮೇಲೆ ಬಣ್ಣ ಕೊಟ್ಟು ದೇವರ ವಾಹನಗಳನ್ನೂ ಗೊಂಬೆಗಳನ್ನೂ ಮಾಡುತ್ತ ಬಂದಿದ್ದಾರೆ. ಅವರ ಕುದುರೆಯ ಕಣ್ಣು ಅಗಲ, ಕತ್ತು ಬಿಲ್ಲಿನಂತೆ. ಹುಬ್ಬಿನ ಗೆರೆಯನ್ನು ಅವರು ಒಂದೇ ಎಳೆತದಲ್ಲಿ ಎಳೆಯುವುದನ್ನು ನೋಡಿದಾಗ, ಕೆರಮೈಕೋಸಿನ ಅಂಗಡಿಯಲ್ಲಿಯೂ ಕುಂಚ ಹೀಗೆಯೇ ಓಡಿದ್ದಿರಬೇಕೆನಿಸುತ್ತದೆ.

ಮಣ್ಣಿನ ಕುಂಭಕ್ಕೆ ಒಡೆಯುವ ಭಯ. ಕ್ಲೈಟಿಯಾಸ್ ಚಿತ್ರ ಬರೆದು ಎರ್ಗೋಟಿಮೋಸ್ ತಿಗರಿಯ ಮೇಲೆ ತಿರುವಿದ, ಪೆಟ್ರೋಕ್ಲಸನ ಉತ್ತರಕ್ರಿಯೆಯ ರಥಸ್ಪರ್ಧೆಯ ಚಿತ್ರವಿರುವ ಪ್ರಸಿದ್ಧ ಪಾತ್ರೆಯೊಂದು ಇಟಲಿಯ ಫ್ಲಾರೆನ್ಸಿನಲ್ಲಿದೆ. 1900ರಲ್ಲಿ ಅಲ್ಲಿನ ಕಾವಲುಗಾರನೊಬ್ಬ ಸಿಟ್ಟಿನಿಂದ ಎಸೆದ ಪೀಠ ತಗಲಿ ಅದು 638 ಚೂರಾಯಿತು. ತಾಳ್ಮೆಯಿಂದ ಕೂಡಿಸಿದರು, ರಥಗಳು ಮತ್ತೆ ಓಡತೊಡಗಿದವು. ಬಂಡೆಯ ಚಿತ್ರಕ್ಕೆ ಒಡೆಯುವ ಭಯವಿಲ್ಲ, ಆದರೆ ಕೂಡಿಸುವ ಉಪಾಯವೂ ಇಲ್ಲ. ಹಿರೇಬೆಣಕಲ್ಲಿಗೆ ಬಂದವರಲ್ಲಿ ಕೆಲವರು ಇದ್ದಲಿನಿಂದ ತಮ್ಮ ಹೆಸರು ಬರೆದು ಹೋಗುತ್ತಾರೆ. ಇನ್ನು ಕೆಲವರು, ದುರುದ್ದೇಶವಿಲ್ಲದವರು, ಮಸುಕಾದ ಕೆಂಪು ಎದ್ದು ಕಾಣಲೆಂದು ನೀರೆರಚುತ್ತಾರೆ. ಕ್ಷಣಕಾಲ ಚಿತ್ರ ಹೊಳೆಯುತ್ತದೆ, ಒಣಗುವಾಗ ಉಪ್ಪಿನ ಪೊರೆಯೊಂದು ಅದರ ಮೇಲೆ ಉಳಿಯುತ್ತದೆ.

ಆ ಎರಡನೆಯ ಗುಂಪಿನಲ್ಲಿ ನಾನೂ ಸೇರಿಹೋಗುವವನಿದ್ದೆ. ಬಿಸಿಲಿನಿಂದ ಮಾಡುಗಲ್ಲಿನ ನೆರಳಿಗೆ ಬಂದವನ ಕಣ್ಣಿಗೆ ಸವಾರ ಸರಿಯಾಗಿ ಗೋಚರವಾಗದಿರಲು ಬಾಟಲಿಯ ಮುಚ್ಚಳ ತಿರುವಿದೆ. ಅಲ್ಲಿಯೇ ಕುರಿಗಳನ್ನು ನೆರಳಿಗೆ ಹೊಡೆದು ಕುಳಿತಿದ್ದ ಮುದುಕರೊಬ್ಬರು, ಅದುವರೆಗೆ ನನ್ನ ಕಡೆ ನೋಡದೆಯೇ ಇದ್ದವರು, ಕಂಬಳಿಯೊಳಗಿನಿಂದ ಕೈ ತೆಗೆದು ಬೇಡವೆಂದು ಆಡಿಸಿದರು.

“ನೀರ ಹಾಕಬ್ಯಾಡ್ರಿ ಸಾಹೇಬ್ರ,” ಎಂದರು. “ಕುದುರಿ ಇಳದ ಹೊಕ್ಕಾವು.”

ನಾನು ಮುಚ್ಚಳವನ್ನು ಬಿಗಿಮಾಡಿ ಅವರ ಪಕ್ಕದಲ್ಲಿ ಕುಳಿತೆ. ಕಣ್ಣು ನೆರಳಿಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಮೊದಲು ಭರ್ಜಿ ಕಂಡಿತು, ಬಳಿಕ ಎತ್ತಿದ ಕೈ, ಬಳಿಕ ಕುದುರೆ.